ಅತ್ತೆಯ ಸೈಟು, ಅಳಿಯನ ಬ್ಯಾಕಪ್ಪು

ಮಾರ್ಚ್ ೩, ಸೋಮವಾರ

ಬೆಳಗ್ಗೆ ಹೆಂಡತಿಯನ್ನು ರೈಲು ಹತ್ತಿಸಿ ಬಂದೆ. ಅವಳು ಸೇತುವೆ ಕಟ್ಟಿಸುವ ಎಂಜಿನಿಯರು. ಜೂನ್ ಮಧ್ಯದವರೆಗೆ ನದಿ ದಂಡೆಯ ತಗಡಿನ ಶೆಡ್ಡೇ ಅವಳ ಮನೆ. ಹೊರಡುವಾಗ ಕಿಟಕಿಯಿಂದ ಬಗ್ಗಿ, "ರೀ, ಅಮ್ಮನ ಜೊತೆ ಜಗಳ ಆಡ್ಬೇಡಿ" ಎಂದಳು. ನಾನು ಯಾವಾಗ ಜಗಳ ಆಡಿದ್ದೇನೆ? ಜಗಳವಾಡಬೇಕಾದರೆ ಮೊದಲು ಮಾತಾಡಬೇಕು. ನನಗೂ ಅತ್ತೆಗೂ ನಡುವೆ ಇರುವುದು "ಊಟ ಆಯ್ತಾ", "ಆಯ್ತು" ಎಂಬೆರಡು ಮಾತು. ಅದರಲ್ಲಿ ಜಗಳಕ್ಕೆ ಜಾಗವೆಲ್ಲಿ?

ಅತ್ತೆ ನನ್ನನ್ನು ನೇರವಾಗಿ ಏನೂ ಕೇಳುವುದಿಲ್ಲ. ಗೋಡೆ ಕಡೆ ನೋಡಿಕೊಂಡು, "ಅಳಿಯಂದ್ರು ಇವತ್ತೂ ಮನೇಲೇ ಇರ್ತಾರೇನೋ" ಅನ್ನುತ್ತಾರೆ. ಇರದೆ ಎಲ್ಲಿಗೆ ಹೋಗಲಿ? ಆಫೀಸಿನಲ್ಲಿ ನನ್ನ ಕುರ್ಚಿಯನ್ನು ಹೊಸ ಮ್ಯಾನೇಜರನಿಗೆ ಕೊಟ್ಟರೆಂದು ರಾಜೀನಾಮೆ ಬರೆದುಕೊಟ್ಟೆ. ಕೈಕಾಲು ಹಿಡಿದು ಉಳಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮಧ್ಯಾಹ್ನದೊಳಗೆ ಸಹಿ ಹಾಕಿ, ಶುಭ ಹಾರೈಸಿ, ಹೂಗುಚ್ಛ ಕೊಟ್ಟು ಕಳಿಸಿದರು.

ಈಗ ಅತ್ತೆಯ ಮನೆಯ ಮಹಡಿ ಕೋಣೆಯಲ್ಲಿ ಕೂತು ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತೇನೆ. ಹಲ್ಲಿನ ಡಾಕ್ಟರದೊಂದು, ಬೀಗ ರಿಪೇರಿಯವರದೊಂದು, ಸ್ಕೇಟಿಂಗ್ ಕ್ಲಬ್ಬಿನದೊಂದು, ಮತ್ತು ಬೇಡವೆನ್ನಲಾಗದೆ ಅತ್ತೆಯದೊಂದು. ಅವರು ಲಾಂಡ್ರಿ ನಡೆಸುತ್ತಿದ್ದವರು. ಅಂಗಡಿ ಮುಚ್ಚಿದ ಮೇಲೆ, ಬಟ್ಟೆಯ ಕಲೆ ತೆಗೆಯುವ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಸೈಟಿನಲ್ಲಿ ಉತ್ತರ ಬರೆಯುತ್ತಾ ಬಂದಿದ್ದಾರೆ. ಹೆಸರು "ಕಲೆಗೆ ಕೊನೆ". ಒಮ್ಮೆ ಚಿತ್ರ ಬರೆಯುವವರ ಸಂಘದಿಂದ ಖಂಡನಾಪತ್ರವೇ ಬಂದಿತ್ತು. "ನಮ್ಮದು ಆ ಕಲೆಯಲ್ಲ, ಈ ಕಲೆ" ಎಂದು ಅತ್ತೆ ಉತ್ತರಿಸಿ, ಅಂಗಿಗೆ ಬಿದ್ದ ಪೇಂಟನ್ನು ತೆಗೆಯುವುದು ಹೇಗೆಂದೂ ಕೊನೆಗೆ ಸೇರಿಸಿದರಂತೆ.

ಕಲಿತ ವಿದ್ಯೆಯೆಲ್ಲ ಕೊಳೆ ಬಟ್ಟೆಯ ಸೇವೆಗೆ. ದೇವರೇ, ಜೂನ್ ಬೇಗ ಬರಲಿ.

ಮಾರ್ಚ್ ೧೨, ಬುಧವಾರ

ಇವತ್ತು ಮೆಟ್ಟಿಲಿಳಿದು ಬರುವಾಗ ಅತ್ತೆ ಫೋನಿನಲ್ಲಿ ಗೆಳತಿಗೆ ತಮ್ಮ ಸೈಟಿನ ಪಾಸ್‌ವರ್ಡ್ ಹೇಳುತ್ತಿದ್ದರು. ಒಂದೊಂದೇ ಅಕ್ಷರ, ಪಕ್ಕದ ಮನೆಗೂ ಕೇಳುವಂತೆ. ಗೆಳತಿ ತನ್ನ ಹಳೇ ಪ್ರಶ್ನೆಯಲ್ಲಿ "ಗಂಡ" ಎಂದು ಬರೆದಿದ್ದನ್ನು "ಮಾಜಿ ಗಂಡ" ಎಂದು ತಿದ್ದಬೇಕಿತ್ತಂತೆ.

ನೇರ ಮಹಡಿಗೆ ಹೋಗಿ ಆ ಸೈಟಿನ ಪಾಸ್‌ವರ್ಡನ್ನೂ ಅದರ ಹಿಂದೆ ಪ್ರಶ್ನೋತ್ತರಗಳನ್ನೆಲ್ಲ ಕೂಡಿಟ್ಟಿರುವ ಡೇಟಾಬೇಸಿನ ಪಾಸ್‌ವರ್ಡನ್ನೂ ಬದಲಾಯಿಸಿ ಬಂದೆ. ಹೊಸದು ಎಷ್ಟು ಕಷ್ಟದ್ದೆಂದರೆ ನನಗೇ ಬಾಯಿಪಾಠವಾಗಲಿಲ್ಲ. ಭದ್ರತೆ ಅಂದರೆ ಇದು. ಈ ಮನೆಯಲ್ಲಿ ಒಬ್ಬನಾದರೂ ತಿಳಿದವನಿದ್ದಾನೆ.

ಏಪ್ರಿಲ್ ೮, ಮಂಗಳವಾರ

ಹಲ್ಲಿನ ಡಾಕ್ಟರು ಮನೆಗೇ ಬಂದಿದ್ದರು. ತೆಳ್ಳಗಿನ, ಸದಾ ಗಾಬರಿಯ ಮನುಷ್ಯ. ಅವರ ಸ್ನೇಹಿತರ ಸೈಟೊಂದು ಪೂರ್ತಿ ಅಳಿಸಿಹೋಯಿತಂತೆ.

"ನಮ್ದಕ್ಕೆ ಏನೂ ಆಗಲ್ಲ ಅಲ್ವಾ?"

"ನೀವು ಹಾಯಾಗಿ ನಿದ್ದೆ ಮಾಡಿ ಸರ್. ಪ್ರತಿದಿನ ಎಲ್ಲಾ ಸೈಟು, ಎಲ್ಲಾ ಡೇಟಾಬೇಸೂ ತಾನಾಗೇ ಬ್ಯಾಕಪ್ ಆಗುತ್ತೆ. ನಾನು ಕೈ ಹಾಕೋದೇ ಬೇಡ."

ಅವರು ಹೋದ ಮೇಲೆ ಅತ್ತೆ ಗೋಡೆಗೆ ಕೇಳಿದರು, "ಬ್ಯಾಕಪ್ ಅಂದ್ರೆ ಏನೋ."

ತಾಳ್ಮೆಯಿಂದಲೇ ವಿವರಿಸಿದೆ. ಎಲ್ಲೋ ದೂರದಲ್ಲಿ ದೊಡ್ಡ ಕಂಪ್ಯೂಟರು. ಅದರೊಳಗೆ ನಮಗೆ ಬಾಡಿಗೆಗೆ ಕೊಟ್ಟಿರುವ ಭಾಗವೇ ನಮ್ಮ ವರ್ಚುವಲ್ ಸರ್ವರು. ನಾನು ಬರೆದಿಟ್ಟ ಸ್ಕ್ರಿಪ್ಟು ಅಲ್ಲಿರುವುದನ್ನೆಲ್ಲ ದಿನಾ ನಕಲು ಮಾಡಿ ಅಲ್ಲೇ ಒಂದು ಫೋಲ್ಡರಿನಲ್ಲಿ ಜೋಡಿಸಿಡುತ್ತದೆ.

ಅತ್ತೆ ತುಂಬ ಹೊತ್ತು ಯೋಚಿಸಿ, "ದಿನಾ ನಕಲು ಮಾಡಿದ್ರೆ ಮೂಲ ಸವೆಯಲ್ವಾ?" ಎಂದರು.

ಹೆಂಡತಿಗೆ ಫೋನ್ ಮಾಡಿ ಹೇಳಿದೆ. ಅವಳು ನಗಲಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದಿರಾ ಎಂದು ಕೇಳಿದಳು. ಹಾಕಿದ್ದೇನೆ. ದೊಡ್ಡ ಕಂಪನಿ, ಗಾಜಿನ ಕಟ್ಟಡ, ಒರಗಿದರೆ ಒರಗುವ ಕುರ್ಚಿ. ಅವರ ಕರೆ ಬಂದ ದಿನ ಮಹಡಿಯಿಂದ ಇಳಿದವನು ತಿರುಗಿ ನೋಡುವುದಿಲ್ಲ.

ಏಪ್ರಿಲ್ ೨೧, ಸೋಮವಾರ

ಅತ್ತೆಗೆ ಒಬ್ಬ ಶತ್ರು ಇರುವುದು ಇವತ್ತು ಗೊತ್ತಾಯಿತು.

"ಅಳಿಯಂದ್ರೇ" ಎಂದು ಮೊದಲ ಬಾರಿಗೆ ನೇರ ನನ್ನನ್ನೇ ಕರೆದರು. ಸೈಟಿನಲ್ಲಿ ಒಂದು ಪ್ರತಿಕ್ರಿಯೆ ಅಳಿಸಬೇಕಿತ್ತು. ಹೊಸ ಪಾಸ್‌ವರ್ಡು ಅವರಿಗೆ ಬಾರದು. ಬರೆದವರ ಹೆಸರು "ನಿಂಬೆರಸ". ಅತ್ತೆ ಏನೇ ಉತ್ತರ ಕೊಡಲಿ, ಕೆಳಗೆ ಈ ನಿಂಬೆರಸ ಹಾಜರು. ತುಕ್ಕಿನ ಕಲೆಗೆ ನಿಂಬೆರಸ. ಶಾಯಿಗೆ ನಿಂಬೆರಸ. ಮೇಣದ ಕಲೆಯ ಮೇಲೆ ಐಸ್ ಇಡಿ ಎಂದು ಅತ್ತೆ ಬರೆದರೆ, "ಐಸಿನ ಜೊತೆಗೆ ನಿಂಬೆರಸ ಸೇರಿಸಿ ಕುಡಿಯಿರಿ, ಅಷ್ಟೇ ಉಪಯೋಗ" ಎಂದು ಬರೆದಿದೆ. ನಗು ಬಂತು, ಕೆಮ್ಮಿದೆ.

"ವರ್ಷಗಟ್ಟಲೆಯಿಂದ ಹೀಗೇ ಪ್ರಾಣ ತಿಂತಾನೆ ಆ ಮನುಷ್ಯ. ಮಿತಿ ಮೀರಿದಾಗೆಲ್ಲ ಅಳಿಸ್ತಾ ಬಂದಿದೀನಿ. ಇದನ್ನೂ ಅಳಿಸಿ."

ಅಳಿಸಿದೆ. ಅಲ್ಲೇ ಒಂದಿಷ್ಟು ಪುಟ ಓದಿದೆ, ಬೇರೆ ಕೆಲಸವಿರಲಿಲ್ಲ. ಒಬ್ಬಾಕೆ ಗಂಡನ ಕಾಲರಿನ ಲಿಪ್‌ಸ್ಟಿಕ್ ಕಲೆ ಹೋಗುವುದು ಹೇಗೆಂದು ಕೇಳಿ, "ಬಣ್ಣ ನನ್ನದಲ್ಲ" ಎಂದು ಸೇರಿಸಿದ್ದಾಳೆ. ಅತ್ತೆಯ ಉತ್ತರ: "ತೆಗೆಯಬೇಡಿ ಮಗಳೇ. ಮೊದಲು ನಿಮ್ಮ ಅಣ್ಣನಿಗೆ ತೋರಿಸಿ."

ಕೊಳೆ ಬಟ್ಟೆಯ ಸೈಟು. ಆದರೂ ಸಂಜೆಯವರೆಗೆ ಹೊತ್ತು ಹೋದದ್ದು ತಿಳಿಯಲಿಲ್ಲ.

ಮೇ ೯, ಶುಕ್ರವಾರ

ಎಲ್ಲಾ ಸೈಟೂ ನಿಂತುಹೋದವು. ನೋಡಿದರೆ ಸರ್ವರಿನ ಡಿಸ್ಕು ಭರ್ತಿ. ತುಂಬಿದವರು ಯಾರು? ನನ್ನ ಬ್ಯಾಕಪ್ಪುಗಳು. ದಿನಾ ಒಂದೊಂದು ಮೂಟೆ ಬಂದು ಬೀಳುತ್ತಿತ್ತು; ಹಳೆಯದನ್ನು ತೆಗೆದು ಹಾಕು ಎಂದು ಸ್ಕ್ರಿಪ್ಟಿಗೆ ನಾನು ಹೇಳಿಯೇ ಇರಲಿಲ್ಲ. ಕಾಯಲು ಇಟ್ಟ ನಾಯಿಯೇ ಮನೆಯವರು ಕೂರುವ ಜಾಗವನ್ನೆಲ್ಲ ಹಿಡಿದು ಮಲಗಿದಂತಾಯಿತು.

ಬೆವರಿದರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಳೇ ಬ್ಯಾಕಪ್ಪುಗಳನ್ನೆಲ್ಲ ಅಳಿಸಿ ಈಚಿನವನ್ನಷ್ಟೇ ಉಳಿಸಿಕೊಂಡೆ. ಜಾಗ ಸಿಕ್ಕಿತು. ಆದರೆ ಡೇಟಾಬೇಸು ಮೇಲೇಳಲಿಲ್ಲ. ಜಾಗ ಸಾಲದೆ ಅರ್ಧದಲ್ಲಿ ಉಸಿರುಗಟ್ಟಿ ಬಿದ್ದಿತ್ತು. ಅಂತರ್ಜಾಲದಲ್ಲಿ ಯಾರೋ ಪುಣ್ಯಾತ್ಮ, ಪೂರ್ತಿ ಅಳಿಸಿ ಹೊಸದಾಗಿ ಹಾಕಿ ಬ್ಯಾಕಪ್ಪಿನಿಂದ ತುಂಬಿಕೊಳ್ಳಿ ಎಂದಿದ್ದ. ಬ್ಯಾಕಪ್ಪು ಇದೆಯಲ್ಲ, ಹೆದರಿಕೆ ಏನು? ಅಳಿಸಿದೆ.

ಹಲ್ಲು ಬಂತು. ಬೀಗ ಬಂತು. ಸ್ಕೇಟಿಂಗೂ ಬಂತು. ಅತ್ತೆಯ ಡೇಟಾಬೇಸಿನ ಬ್ಯಾಕಪ್ ತೆರೆದೆ. ಗಾತ್ರ: ಸೊನ್ನೆ. ಹಿಂದಿನ ದಿನದ್ದು ಸೊನ್ನೆ. ಅದರ ಹಿಂದಿನದೂ ಸೊನ್ನೆ.

ಪಾಸ್‌ವರ್ಡು ಬದಲಾಯಿಸಿದವನು ಸ್ಕ್ರಿಪ್ಟಿಗೆ ಅದನ್ನು ತಿಳಿಸಿರಲಿಲ್ಲ. ಆವತ್ತಿನಿಂದ ಅದು ದಿನಾ ಬಾಗಿಲು ತಟ್ಟಿ, ಒಳಗೆ ಬಿಡದಿದ್ದಾಗ ಖಾಲಿ ಚೀಲಕ್ಕೇ ತಾರೀಖು ಬರೆದು ಜೋಡಿಸಿಟ್ಟಿದೆ. ತುಂಬಿದ ಚೀಲಗಳಿದ್ದದ್ದು ಹಳೆಯವುಗಳಲ್ಲಿ. ಅವನ್ನೇ ನಾನು ಈ ಕೈಯಾರೆ ಅಳಿಸಿದ್ದು.

ಮೇ ೧೦, ಶನಿವಾರ

ಸರ್ವರ್ ಕಂಪನಿಗೆ ಕರೆ ಮಾಡಿದೆ. ಪೂರ್ತಿ ಸರ್ವರನ್ನೇ ಪ್ರತ್ಯೇಕ ನಕಲು ಮಾಡಿಡುವ ಸೌಲಭ್ಯ ಅವರಲ್ಲಿದೆಯಂತೆ. "ನೀವೇ ಬೇಡ ಅಂದಿದ್ರಿ ಸರ್. ಕಾರಣ ಅನ್ನೋ ಜಾಗದಲ್ಲಿ 'ನನಗೆ ಇದೆಲ್ಲ ಗೊತ್ತು' ಅಂತ ಬರ್ದಿದೀರಿ."

ಸೈಟಿನಲ್ಲಿ "ದುರಸ್ತಿ ನಡೆದಿದೆ" ಎಂದು ಫಲಕ ಹಾಕಿದ್ದೇನೆ. ಅತ್ತೆ ಏನಾಯಿತೆಂದು ಕೇಳಿದರು. ದೂಳು ಹೊಡೆಯುತ್ತಿದ್ದೇನೆ ಎಂದೆ.

ಮೇ ೧೨, ಸೋಮವಾರ

ಹೇಳಿಬಿಟ್ಟೆ. ಬೆಳಗಿನಿಂದ ಅತ್ತೆಗೆ ಫೋನಿನ ಮೇಲೆ ಫೋನು. ಮದುಮಗಳೊಬ್ಬಳು ಬಿಳಿ ಗೌನಿಗೆ ದಾಳಿಂಬೆ ರಸ ಚೆಲ್ಲಿಕೊಂಡು ಗೋಳಾಡುತ್ತಿದ್ದಳು. "ಅಳಿಯಂದ್ರು ದೂಳು ಹೊಡೀತಿದಾರೆ, ಸಂಜೆಗೆ ಸರಿಹೋಗುತ್ತೆ" ಎಂದು ಅತ್ತೆ ಅವಳಿಗೆ ಸಮಾಧಾನ ಹೇಳುತ್ತಿದ್ದರು. ಅದನ್ನು ಕೇಳಿಕೊಂಡು ನಿಲ್ಲಲಾಗಲಿಲ್ಲ.

"ಅತ್ತೆ, ಎಲ್ಲಾ ಹೋಯ್ತು."

"ಎಲ್ಲಾ ಅಂದ್ರೆ?"

"ಪ್ರಶ್ನೆ, ಉತ್ತರ. ಮೊದಲಿಂದ ಬರ್ದಿದ್ದೆಲ್ಲಾ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎದ್ದು ಹೋಗಿ ಕಿಟಕಿಯ ಪರದೆ ಬಿಚ್ಚಿದರು. ಆಮೇಲೆ ಪಕ್ಕದ ಕಿಟಕಿಯದು. ಸಂಜೆಯೊಳಗೆ ಮನೆಯ ಪರದೆಗಳೆಲ್ಲ ಬಕೆಟ್ಟಿನಲ್ಲಿದ್ದವು. ಎದುರುಮನೆಯವರಿಗೆ ನಾವು ನಾಟಕದವರಂತೆ ಕಾಣುತ್ತಿದ್ದಿರಬೇಕು: ಒಬ್ಬರು ಒಗೆಯುತ್ತಾ, ಒಬ್ಬ ನಿಂತು ನೋಡುತ್ತಾ.

ಮೇ ೧೩, ಮಂಗಳವಾರ

ಅತ್ತೆ ಮಹಡಿ ಹತ್ತಿ ಬಂದರು. ಮೊಣಕಾಲು ನೋವಿದ್ದವರು, ಇಷ್ಟು ದಿನ ಬಂದಿರಲಿಲ್ಲ. ನನ್ನ ಪಕ್ಕ ಕುರ್ಚಿ ಎಳೆದು ಕೂತು, "ಟೈಪ್ ಮಾಡಿ" ಎಂದರು.

"ಓದುಗರಿಗೆ ತಿಳಿಸುವುದೇನೆಂದರೆ, ನನ್ನ ಕೈತಪ್ಪಿನಿಂದ ಸೈಟಿನಲ್ಲಿದ್ದುದೆಲ್ಲ ಅಳಿಸಿಹೋಗಿದೆ. ಯಾರಾದರೂ ಉತ್ತರಗಳನ್ನು ಉಳಿಸಿಕೊಂಡಿದ್ದರೆ ದಯವಿಟ್ಟು ಕಳಿಸಿಕೊಡಿ."

"ನಿಮ್ಮ ಕೈತಪ್ಪಲ್ಲ ಅತ್ತೆ, ನಂದು."

"ಮನೆ ಮಾತು ಮನೇಲಿರ್ಲಿ. ಟೈಪ್ ಮಾಡಿ."

ಮಾಡಿದೆ. ಕಣ್ಣೊರೆಸಿಕೊಳ್ಳಬೇಕಾಯಿತು. ಕಿಟಕಿಗೆ ಪರದೆ ಇಲ್ಲದ್ದಕ್ಕೆ ದೂಳು ಬರುತ್ತಿದೆ.

ಮೇ ೧೭, ಶನಿವಾರ

ಓದುಗರಿಂದ ಅಷ್ಟಿಷ್ಟು ಬರುತ್ತಿದೆ. ಒಬ್ಬರು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದ ಹಾಳೆಯ ಫೋಟೊ ಕಳಿಸಿದ್ದಾರೆ. ಅದರ ಮೇಲೇ ಎಣ್ಣೆಯ ಕಲೆ.

ಉಳಿದದ್ದನ್ನು ಅತ್ತೆ ನೆನಪಿನಿಂದ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ತೊಂದರೆಯೆಂದರೆ ಅವರಿಗೆ ಕಲೆಗಿಂತ ಕಲೆ ಮಾಡಿಕೊಂಡವರೇ ಹೆಚ್ಚು ನೆನಪಿರುವುದು. "ರಕ್ತದ ಕಲೆ ಬರ್ಕೊಳ್ಳಿ. ತಣ್ಣೀರು. ಬಿಸಿನೀರು ತಾಗಿದ್ರೆ ಕಚ್ಕೊಂಡುಬಿಡುತ್ತೆ. ಇದನ್ನ ಕೇಳಿದ್ದು ಒಬ್ಬ ಕಟುಕ. ಪಾಪ, ರಕ್ತ ನೋಡಿದ್ರೆ ತಲೆ ತಿರುಗುತ್ತೆ ಅಂತಿದ್ದ. ಅವನಿಗೆ ಬೇರೆ ಕೆಲಸ ಹುಡುಕ್ಕೋ ಅಂತಾನೂ ಬರ್ದಿದ್ದೆ. ಹೂವಿನಂಗಡಿ ಇಟ್ಟ. ಆಮೇಲೆ ಅವನು ಕೇಳಿದ್ದೆಲ್ಲಾ ಹೂವಿನ ಕಲೆ."

ಇದರಲ್ಲಿ ಯಾವುದು ಉತ್ತರ, ಯಾವುದು ಹರಟೆ? ಎಲ್ಲವನ್ನೂ ಬರೆದುಕೊಂಡೆ.

ಮೇ ೨೪, ಶನಿವಾರ

ನಿಂಬೆರಸದಿಂದ ಇಮೇಲು: "ನನ್ನ ಬಳಿ ಎಲ್ಲವೂ ಇದೆ. ಪ್ರತಿ ವಾರ ಪ್ರತಿ ಪುಟವನ್ನೂ ಉಳಿಸಿಕೊಂಡಿದ್ದೇನೆ. ಬರೆದದ್ದನ್ನು ಆಮೇಲೆ ಬರೆದಿಲ್ಲ ಎನ್ನುವವರ ವಿರುದ್ಧ ಸಾಕ್ಷಿ ಬೇಕಾಗುತ್ತದೆ. ಮಂಗಳವಾರ ಬರುತ್ತೇನೆ."

ನಾನು ಕುರ್ಚಿಯಿಂದ ಎದ್ದು ಕುಣಿದೆ. ಅತ್ತೆ ಮುಖ ಊದಿಸಿಕೊಂಡು, "ಆ ಮನುಷ್ಯ ನಮ್ಮನೆ ಹೊಸ್ತಿಲು ತುಳಿಯೋದಾ?" ಎಂದರು. ಆಮೇಲೆ ಹೋಗಿ ಪರದೆಗಳಿಗೆ ಇಸ್ತ್ರಿ ಹಾಕಿದರು.

ಮೇ ೨೭, ಮಂಗಳವಾರ

ಬಾಗಿಲು ತೆಗೆದರೆ ಉದ್ದನೆಯ ಹೆಂಗಸು, ಅತ್ತೆಯ ವಯಸ್ಸೇ. ಎಳೆಯಷ್ಟೂ ಕಲೆಯಿಲ್ಲದ ಬಿಳಿ ಅಂಗಿ, ಕೈಯಲ್ಲಿ ಹಾರ್ಡ್‌ಡಿಸ್ಕು. ನಾಟಕ ಮಂದಿರವೊಂದರಲ್ಲಿ ವೇಷದ ಬಟ್ಟೆಗಳನ್ನು ನೋಡಿಕೊಳ್ಳುವವರು.

"ನಾನೇ ನಿಂಬೆರಸ."

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೆಂಗಸಾ ನೀವು! ಗಂಡಸು ಅಂದ್ಕೊಂಡು ಇಷ್ಟು ವರ್ಷ ಮರ್ಯಾದೆ ಇಟ್ಕೊಂಡು ಬೈದೆನಲ್ಲಾ!"

"ಅದು ಮರ್ಯಾದೆನಾ? ನನ್ನನ್ನ 'ಹುಳಿ ತಲೆಯವನೇ' ಅಂದಿದೀರಿ. ತಾರೀಖು ಸಮೇತ ಇದರಲ್ಲಿದೆ."

ಕೂತರು. ಟೀ ಕೊಟ್ಟೆ. ಬಂದವರು ಅತ್ತೆಯ ಪರದೆಯ ಅಂಚನ್ನು ಬೆರಳಲ್ಲಿ ತಿರುಗಿಸಿ ನೋಡಿದರು; ಅತ್ತೆ ಅವರ ಅಂಗಿಯ ಕಾಲರನ್ನು ಕಣ್ಣಲ್ಲೇ ಅಳೆದರು. ಇಬ್ಬರಿಗೂ ತಪ್ಪೇನೂ ಸಿಗಲಿಲ್ಲ. ಅದೇ ಇಬ್ಬರಿಗೂ ಸಿಟ್ಟು.

ಆಮೇಲೆ ನಿಂಬೆರಸದವರು ಹಾರ್ಡ್‌ಡಿಸ್ಕನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಿದರು. "ಕೊಡ್ತೀನಿ. ಆದ್ರೆ ಒಂದು ಮಾತು. ಹಾಕೋದಾದ್ರೆ ಎಲ್ಲಾನೂ ಹಾಕ್ಬೇಕು. ನೀವು ಅಳಿಸಿದ ನನ್ನ ಮಾತುಗಳೂ ಸೇರಿ. ನಿಮ್ದು ಮಾತ್ರ ಉಳಿದು ನಂದು ಇರಲೇ ಇಲ್ಲ ಅನ್ನೋ ಹಾಗೆ ಆಗ್ಬಾರ್ದು."

ಅತ್ತೆ ನನ್ನ ಕಡೆ ನೋಡಿದರು. ಎಲ್ಲಾ ವಾಪಸು ಬಂದರೆ ನನ್ನ ತಲೆ ಮೇಲಿನ ಭಾರ ಇಳಿಯುತ್ತದೆ. ಆದರೆ ಬಾಯಿಂದ ಬಂದದ್ದೇ ಬೇರೆ: "ನಿಮಗೆ ಇಷ್ಟ ಇಲ್ದಿದ್ರೆ ಬೇಡ ಅತ್ತೆ. ಕೂತು ಬರೆಯೋಣ. ಎಷ್ಟು ವರ್ಷ ಹಿಡಿದ್ರೂ ನಾನು ಟೈಪ್ ಮಾಡ್ತೀನಿ."

ಯಾಕೆ ಹಾಗಂದೆನೋ. ಟೈಪ್ ಮಾಡಿ ಮಾಡಿ ಬೆರಳೆಲ್ಲ ನೋಯುತ್ತಿದೆ.

ಅತ್ತೆ ಒಳಗೆ ಹೋದರು. ಪಾತ್ರೆ ಸದ್ದಾಯಿತು. ಬಂದು ನಿಂತು, "ಹಾಕಿ" ಎಂದರು. "ಇವರು ಬರ್ದಿದ್ದೆಲ್ಲಾ ಹಾಕಿ. ಆದ್ರೆ ಇವರ ಕಾಗುಣಿತದ ತಪ್ಪನ್ನ ಒಂದೂ ತಿದ್ದಬಾರ್ದು. ಇದ್ದ ಹಾಗೇ ಇರ್ಬೇಕು."

ನಿಂಬೆರಸದವರ ಮುಖ ಕೆಂಪಾಯಿತು. ಅಂಗೈ ತೆಗೆದರು.

ಜೂನ್ ೨, ಸೋಮವಾರ

ಉಳಿಸಿಟ್ಟ ಪುಟಗಳಿಂದ ಪ್ರಶ್ನೆ, ಉತ್ತರ, ತಾರೀಖುಗಳನ್ನು ಹೆಕ್ಕಿ ಹೊಸ ಡೇಟಾಬೇಸಿಗೆ ಸುರಿಯುವ ಪ್ರೋಗ್ರಾಮು ಬರೆದೆ. ಚೆನ್ನಾಗಿಯೇ ಓಡಿತು. ಒಂದೇ ಒಂದು ಸಣ್ಣ ಎಡವಟ್ಟು: ಮೊದಲ ಸಲ ಸುರಿದದ್ದು ಹಲ್ಲಿನ ಡಾಕ್ಟರ ಸೈಟಿಗೆ.

ಡಾಕ್ಟರ ಫೋನು: "ಸರ್, ಪೇಷೆಂಟ್ ಒಬ್ರು ಫೋನ್ ಮಾಡಿದ್ರು. ಹಳದಿ ಹೋಗೋದಕ್ಕೆ ಸೋಡಾದಲ್ಲಿ ನೆನೆಸಿ, ಗಟ್ಟಿ ಬ್ರಷ್ಷಲ್ಲಿ ತಿಕ್ಕಿ, ಹಿಂಡಿ ಬಿಸಿಲಿಗೆ ಹಾಕಿ ಅಂತ ನಾನು ಬರ್ದಿದೀನಂತೆ. ಹಿಂಡೋದು ಹೇಗೆ ಅಂತ ಕೇಳ್ತಿದಾರೆ."

ಕೂಡಲೇ ಅವರ ಬ್ಯಾಕಪ್ಪಿನಿಂದ ಸರಿಮಾಡಿದೆ. ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ಮತ್ತೆ ಸುರಿಯುತ್ತಿರುವಾಗ ಯಾವುದೋ ಕಂಪನಿಯಿಂದ ಕರೆ ಬಂತು, ಸಂದರ್ಶನವೋ ಏನೋ. ಆಮೇಲೆ ಮಾಡಿ, ಈಗ ಲಿಪ್‌ಸ್ಟಿಕ್ ಬರುತ್ತಿದೆ ಎಂದೆ. ಮತ್ತೆ ಮಾಡಲಿಲ್ಲ.

ಸಂಜೆಗೆ ಎಲ್ಲಾ ಬಂದಿತ್ತು. ಆ ಕಟುಕನೂ ಇದ್ದ, ಅವನ ಹೂವಿನಂಗಡಿಯೂ ಇತ್ತು. ಅತ್ತೆ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು, "ಇಲ್ಲೇ ಇದಾನೆ ನೋಡಿ" ಎಂದರು.

ಜೂನ್ ೮, ಭಾನುವಾರ

ಈಗಿನ ಏರ್ಪಾಡು ಇದು: ಒಂದು ನಕಲು ಸರ್ವರಿನಲ್ಲೇ, ಹಳೆಯದು ತಾನಾಗಿ ಅಳಿಯುವಂತೆ. ಇನ್ನೊಂದು ಬೇರೆ ಕಂಪನಿಯ ಸರ್ವರಿಗೆ. ಮತ್ತೊಂದು ಹಾರ್ಡ್‌ಡಿಸ್ಕಿನಲ್ಲಿ ನಿಂಬೆರಸದವರ ಮನೆಗೆ. ಅವರಷ್ಟು ಜತನದಿಂದ ಕಾಯುವವರು ಬೇರೆ ಯಾರಿದ್ದಾರೆ? ಚೀಲ ಖಾಲಿ ಬಂದರೆ ನನ್ನ ಫೋನು ಕಿರುಚಿಕೊಳ್ಳುತ್ತದೆ.

ಅಷ್ಟಾದರೂ ನಂಬುವುದಿಲ್ಲ. ವಾರಕ್ಕೊಮ್ಮೆ ಖಾಲಿ ಕಂಪ್ಯೂಟರಿನ ಮೇಲೆ ನಕಲನ್ನು ತೆರೆದು ಕೂರುತ್ತೇವೆ. ಅತ್ತೆ ಮನಸ್ಸಿಗೆ ಬಂದ ಪ್ರಶ್ನೆ ಕೇಳುತ್ತಾರೆ, ನಾನು ಹುಡುಕಿ ಓದಬೇಕು. ಇವತ್ತು ಹಲ್ಲಿನ ಡಾಕ್ಟರೂ ತಮ್ಮದನ್ನು ಪರೀಕ್ಷಿಸಲು ಬಂದಿದ್ದರು. ಬೀಗ ರಿಪೇರಿಯವರು ಬಿಸ್ಕತ್ತು ತಂದರು. ಮಹಡಿ ಕೋಣೆಯಲ್ಲಿ ಕುರ್ಚಿ ಸಾಲದೆ ನಾನು ಕಿಟಕಿಯ ಕಟ್ಟೆಯ ಮೇಲೆ ಕೂತೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಜೂನ್ ೧೪, ಶನಿವಾರ

ಹೆಂಡತಿ ಬಂದಳು. ರೈಲು ಬೇಗ ಬಂತಂತೆ, ತಾನೇ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಅವಳ ಪ್ಯಾಂಟಿನ ಮೊಣಕಾಲಿನ ಮೇಲೆ ಅಂಗೈಯಗಲದ ಕಪ್ಪು.

"ಡಾಂಬರಾ ಅದು? ಬಿಸಿನೀರಿಗೆ ಹಾಕಿಲ್ಲ ತಾನೆ?"

"ಮೂರು ತಿಂಗಳಾದ್ಮೇಲೆ ಬಂದಿರೋ ಹೆಂಡ್ತಿನ ಕೇಳೋ ಮೊದಲ್ನೇ ಮಾತಾರೀ ಇದು?"

ಕಲೆ ಹಳೆಯದಾದಷ್ಟೂ ಕಷ್ಟ, ಮಾತು ಆಮೇಲೂ ಆಡಬಹುದು. ಪ್ಯಾಂಟು ಬದಲಾಯಿಸಿ ಬಾ ಎಂದೆ. ಮೊದಲು ಚಾಕುವಿನ ಹಿಂಬದಿಯಲ್ಲಿ ಕೆರೆದು, ಅಡುಗೆ ಎಣ್ಣೆ ಹಚ್ಚಿ ನೆನೆಯಲು ಬಿಡುವುದೆಂದು ನಾನು. ಸೀಮೆಎಣ್ಣೆಯೇ ಆಗಬೇಕೆಂದು ಅತ್ತೆ.

"ಸೀಮೆಎಣ್ಣೆ ಹಾಕಿದ್ರೆ ಬಣ್ಣ ಹೋಗುತ್ತೆ ಅತ್ತೆ. ನೀವೇ ಆ ಲಾರಿ ಡ್ರೈವರಿಗೆ ಬರ್ದಿದೀರಿ."

"ಅವನ ಬಟ್ಟೆ ಬೇರೆ ಕಣಯ್ಯಾ! ನಂಗೇ ಹೇಳಿಕೊಡ್ತೀಯಾ?"

"ಇಬ್ರೂ ದೂರ ಸರೀರಿ" ಎಂದರು ನಿಂಬೆರಸದವರು, ತೋಳು ಮಡಚಿಕೊಳ್ಳುತ್ತಾ. ಶನಿವಾರಗಳಂದು ಅವರು ಮಧ್ಯಾಹ್ನವೇ ಬರುತ್ತಾರೆ.

ಹೆಂಡತಿ ಬ್ರೆಡ್ಡು ತಿನ್ನುತ್ತಾ ಗೋಡೆಗೆ ಒರಗಿ ನಿಂತಿದ್ದಳು. "ಆ ದೊಡ್ಡ ಕಂಪನಿಯವರು ಕರೆದ್ರಾ?" ಎಂದು ಕೇಳಿದಳು.

"ಕರೆದಿದ್ರು ಅನ್ಸುತ್ತೆ" ಎಂದೆ. "ಆ ಎಣ್ಣೆ ಬಾಟ್ಲಿ ಇತ್ಲಾಗೆ ಕೊಡು. ಬೆಳಕಿಗೆ ಅಡ್ಡ ನಿಂತಿದೀಯ."

ಅವಳು ಬಾಟಲಿ ಕೊಟ್ಟಳು. ನನ್ನನ್ನು ನೋಡಿದಳು, ಅವಳಮ್ಮನನ್ನು ನೋಡಿದಳು, ಇದ್ದಕ್ಕಿದ್ದಂತೆ ನಗಲು ಶುರುಮಾಡಿದಳು. ಯಾಕೆಂದು ಕೇಳಿದರೆ ಕೈಯಾಡಿಸಿ, ನೆಲದ ಮೇಲೆ ಕೂತು, ಇನ್ನೂ ನಕ್ಕಳು.

ಪಾಪ, ರೈಲಿನಲ್ಲಿ ಸರಿಯಾಗಿ ನಿದ್ದೆಯಾಗಿಲ್ಲ.